ನನ್ನ ಹೆಸರಿಗೆ ಬಂದ ಅಮೆರಿಕದ ತಂತಿಗಳು

ನನಗೆ ಬೀಡಿಯ ಚಟವಿಲ್ಲ, ಇಸ್ಪೀಟಿನ ಚಟವಿಲ್ಲ. ಇರುವುದು ಒಂದೇ ಚಟ, ಕಂಡವರ ಫಲಿತಾಂಶ ತಿಳಿದುಕೊಳ್ಳುವುದು. ಶಾಲೆಯ ಗೋಡೆಗೆ ಪರೀಕ್ಷೆಯ ಪಟ್ಟಿ ಅಂಟಿಸಿದ್ದರೆ, ನಮ್ಮ ಮನೆಯವರು ಯಾರೂ ಆ ಪರೀಕ್ಷೆಗೆ ಕೂತಿರದಿದ್ದರೂ, ಮೊದಲ ನಂಬರಿನಿಂದ ಕೊನೆಯ ನಂಬರಿನವರೆಗೆ ಓದಿಯೇ ಮುಂದೆ ಹೋಗುತ್ತೇನೆ. ಒಮ್ಮೆ ಚಿಕ್ಕಮಗಳೂರಿನಿಂದ ಬಸ್ಸಿನಲ್ಲಿ ಬರುವಾಗ ಮುಂದಿನ ಸೀಟಿನ ಇಬ್ಬರು ಯಾವುದೋ ಬಾವಿಯ ಜಗಳ ಕೋರ್ಟಿಗೆ ಹೋದ ಕತೆ ಹೇಳಿಕೊಳ್ಳುತ್ತಿದ್ದರು. ಬಾವಿ ಯಾರ ಪಾಲಾಯಿತೆಂದು ತಿಳಿಯದೆ ಇಳಿಯಲು ಮನಸ್ಸು ಬರಲಿಲ್ಲ. ಬಣಕಲ್ಲಿನಲ್ಲಿ ಇಳಿಯಬೇಕಾದವನು ಕೊಟ್ಟಿಗೆಹಾರದವರೆಗೆ ಹೋದೆ. ಅಲ್ಲಿ ಗೊತ್ತಾಯಿತು, ತೀರ್ಪು ಇನ್ನೂ ಬಂದಿಲ್ಲ, ಮುಂದಿನ ತಿಂಗಳಿಗೆ ವಾಯಿದೆ ಎಂದು. ಅಷ್ಟು ದೂರ ನಡೆದು ವಾಪಸು ಬಂದೆ. ಕಾಲು ನೋವಿಗಿಂತ ಹೆಚ್ಚಾಗಿ, ಆ ಬಾವಿ ಕೊನೆಗೆ ಯಾರದಾಯಿತೆಂಬ ಸಂಗತಿ ಇವತ್ತಿಗೂ ನನ್ನನ್ನು ಕಾಡುತ್ತದೆ.

ಇಂಥ ನನ್ನನ್ನು ಹುಡುಕಿಕೊಂಡು ಅಮೆರಿಕದ ಚುನಾವಣೆಯೇ ಬಂತು. ಆಗ ನಾನು ಬಣಕಲ್ಲಿನಿಂದ ನಾಲ್ಕು ಮೈಲಿ ಒಳಗಿನ ಕಾಫಿ ಎಸ್ಟೇಟೊಂದರಲ್ಲಿ ರೈಟರಾಗಿದ್ದೆ. ಆಳುಗಳ ಹಾಜರಿ ಬರೆಯುವುದು, ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಎಸ್ಟೇಟಿನ ದೊರೆ ಇಂಗ್ಲೆಂಡಿನವರು. ದೊರೆಸಾನಿ ಮಾತ್ರ ಅಮೆರಿಕದವರು. ಅವರ ತಂದೆ ಅಲ್ಲಿಯ ಒಂದು ಸಣ್ಣ ಪೇಟೆಯಲ್ಲಿ ಮೊಳೆ, ಸುತ್ತಿಗೆ, ಬೀಗ ಮಾರುವ ಅಂಗಡಿ ಇಟ್ಟಿದ್ದರಂತೆ. ಮಗಳು ಹುಲಿ ಇರುವ ಕಾಡಿಗೆ ಹೋಗಿ ಬಾಳುವುದು ಆ ಮುದುಕರಿಗೆ ಇಷ್ಟವಿರಲಿಲ್ಲ. ಏನೋ ಕಟುವಾಗಿ ಬರೆದರು. ನಮ್ಮ ದೊರೆಯೂ ಸುಮ್ಮನಿರಲಿಲ್ಲ, ಮೊಳೆ ಮಾರುವವರಿಂದ ತಾನು ಬುದ್ಧಿ ಕಲಿಯಬೇಕಾಗಿಲ್ಲ ಎಂದು ಉತ್ತರ ಕೊಟ್ಟರು. ಅಲ್ಲಿಗೆ ಮಾವ ಅಳಿಯಂದಿರ ಕಾಗದ ನಿಂತಿತು. ಬಂಗಲೆಯಲ್ಲಿ ಅವರ ಹೆಸರೆತ್ತುವಂತಿರಲಿಲ್ಲ. ಏಳು ವರ್ಷ ಹೀಗೇ ನಡೆದಿತ್ತು.

ಒಂದು ದಿನ ದೊರೆಸಾನಿ ಆಫೀಸಿಗೆ ಬಂದು ಬಾಗಿಲು ಮುಂದೆ ಮಾಡಿದರು. "ರೈಟರ್, ಒಂದು ಗುಟ್ಟು. ನಮ್ಮ ಕಡೆ ಪ್ರೈಮರಿ ನಡೀತಿದೆ. ಅಪ್ಪ ನಿಂತಿದ್ದಾರೆ. ನನ್ನ ತಂಗಿ ತಂತಿ ಕೊಡ್ತಾಳೆ. ನಿಮ್ಮ ಹೆಸರಿಗೆ ಕೊಡಲು ಹೇಳಿದ್ದೇನೆ. ದೊರೆಗೆ ಗೊತ್ತಾಗಬಾರದು."

ನನಗೆ ತಿಳಿದಿದ್ದ ಪ್ರೈಮರಿ ಎಂದರೆ ಸ್ಲೇಟು, ಬಳಪ, ಮೇಷ್ಟ್ರ ಬೆತ್ತ. ಈ ವಯಸ್ಸಿನಲ್ಲಿ ಅವರ ತಂದೆ ಪ್ರೈಮರಿಗೆ ಯಾಕೆ ಹೋದರು, ಅಲ್ಲಿ ಯಾಕೆ ನಿಂತಿದ್ದಾರೆ, ಬೆಂಚಿನ ಮೇಲೋ ಎಂದೆಲ್ಲ ಯೋಚನೆ ಬಂತು. ನನ್ನ ಮುಖ ನೋಡಿ ದೊರೆಸಾನಿಯೇ ಬಿಡಿಸಿ ಹೇಳಿದರು. ಅವರ ದೇಶದಲ್ಲಿ ರಾಜನಿಲ್ಲ, ಅಧ್ಯಕ್ಷ. ದೊಡ್ಡ ಪಕ್ಷಗಳು ಎರಡು. ಒಂದೊಂದು ಪಕ್ಷದಲ್ಲೂ ಅಧ್ಯಕ್ಷನಾಗಬೇಕೆನ್ನುವವರು ಮೂರು ನಾಲ್ಕು ಜನ. ಅವರಲ್ಲಿ ಯಾರನ್ನು ನಿಲ್ಲಿಸಬೇಕೆಂದು ಪಕ್ಷದವರೇ ಸೀಮೆ ಸೀಮೆಯಲ್ಲಿ ಮೊದಲೇ ವೋಟು ಹಾಕಿ ನೋಡುತ್ತಾರೆ. ಅದು ಪ್ರೈಮರಿ. ಗೆದ್ದವನ ಪರವಾಗಿ ಪಕ್ಷದ ದೊಡ್ಡ ಸಭೆಗೆ ಹೋಗುವ ಪ್ರತಿನಿಧಿಗಳನ್ನೂ ಆಗಲೇ ಆರಿಸುತ್ತಾರೆ. ಅವರ ತಂದೆ ಅಂಥ ಒಬ್ಬ ಪ್ರತಿನಿಧಿಯಾಗಲು ನಿಂತಿದ್ದರು.

"ಅಂದರೆ ಮೊದಲು ಅಣ್ಣತಮ್ಮಂದಿರ ಒಳಗೇ ಜಗಳ ಆಡಿಕೊಂಡು, ಗೆದ್ದವನು ನೆರೆಮನೆಯವನ ಮೇಲೆ ಹೋಗುತ್ತಾನೆ?" ಎಂದೆ.

"ಸರಿಯಾಗಿ ಹೇಳಿದಿರಿ," ಎಂದು ನಕ್ಕರು. ಆಮೇಲೆ ಗಂಭೀರವಾದರು. "ಅಪ್ಪನ ಎದೆ ಸರಿಯಿಲ್ಲ. ಡಾಕ್ಟರು ಬೇಡ ಅಂದರೂ ಚಳಿಯಲ್ಲಿ ಊರೂರು ಸುತ್ತಿ ಭಾಷಣ ಮಾಡಿದ್ದಾರೆ. ಸೋತರೆ ತಡೆದುಕೊಳ್ಳುತ್ತಾರೋ ಇಲ್ಲವೋ."

ಮನೆಗೆ ಬಂದು, ದೊರೆಸಾನಿ ಒಂದು ಗುಟ್ಟನ್ನು ನನಗೊಪ್ಪಿಸಿದ್ದಾರೆ ಎಂದು ಹೆಂಡತಿ ಸೀತೆಗೆ ಹೇಳಿದೆ. ಗುಟ್ಟು ಏನೆಂಬುದನ್ನು ಹೇಳಲಿಲ್ಲ. ಅವಳು ಕೇಳಲೂ ಇಲ್ಲ. "ನಿಮ್ಗಾ?" ಎಂದಷ್ಟೇ ಅಂದು ಒಲೆಯ ಕಡೆ ತಿರುಗಿಕೊಂಡಳು.

ಅಲ್ಲಿ ಸಂಜೆಯಾದಾಗ ಇಲ್ಲಿ ಬೆಳಗು. ಆದ್ದರಿಂದ ಅವರು ಸಂಜೆ ಎಣಿಸಿದ ವೋಟು ನಮಗೆ ಬೆಳಗಿನ ಹೊತ್ತಿಗೆ ತಲುಪಬೇಕು. ಎಣಿಕೆ ಒಂದೇ ದಿನದಲ್ಲಿ ಮುಗಿಯುವುದಿಲ್ಲವೆಂದೂ, ಪೇಟೆಯ ಪೆಟ್ಟಿಗೆಗಳು ಮೊದಲು, ಗುಡ್ಡದ ಕಡೆಯವು ನಿಧಾನವಾಗಿ ಬರುತ್ತವೆಂದೂ ದೊರೆಸಾನಿ ಹೇಳಿದ್ದರು. ನಮ್ಮ ಕಳಸದ ಕಡೆಯ ರಸ್ತೆ ಕಂಡಿರುವ ನನಗೆ ಅದು ತಕ್ಷಣ ಅರ್ಥವಾಯಿತು. ನಾನು ಬಣಕಲ್ಲಿನ ಬಸ್ಸು ನಿಲ್ಲುವಲ್ಲಿಗೆ ಹೋಗಿ ಕಾದೆ. ಮೂಡಿಗೆರೆಯ ತಂತಿ ಆಫೀಸಿನಿಂದ ನಮ್ಮ ಕಡೆಯ ತಂತಿಗಳನ್ನು ತರುತ್ತಿದ್ದವರು ಖಾದರ್ ಸಾಹೇಬರು. ಬಸ್ಸಿನ ಯಜಮಾನ, ಡ್ರೈವರ್, ಮೆಕ್ಯಾನಿಕ್ ಮೂರೂ ಅವರೇ. ದೂರದಿಂದಲೇ ತಲೆ ಹೊರಗೆ ಹಾಕಿ ಕೂಗಿದರು.

"ರೈಟ್ರೇ, ಅಮೆರಿಕದಿಂದ ತಂತಿ! ಫಾದರ್ ಲೀಡಿಂಗ್ ಅಂತೆ. ಪೋಸ್ಟ್ ಮಾಸ್ಟ್ರು ಓದಿ ಹೇಳಿದ್ರು. ಯಾರನ್ನ ಎಲ್ಲಿಗೆ ಲೀಡಿಂಗು ಮಾರಾಯ್ರೇ?"

ಬಸ್ಸಿನ ತುಂಬ ಜನ ಕಿವಿ ನೆಟ್ಟಗೆ ಮಾಡಿಕೊಂಡಿದ್ದರು. ಗುಟ್ಟನ್ನು ಕಾಪಾಡುವುದು ಹೇಗೆಂದು ತೋಚದೆ "ಎಲ್ಲಾ ಒಳ್ಳೇದಕ್ಕೆ" ಎಂದು ತಂತಿ ಕಿತ್ತುಕೊಂಡು ಎಸ್ಟೇಟಿಗೆ ಓಡಿದೆ. ದೊರೆಸಾನಿ ಓದಿ ಕಣ್ಣರಳಿಸಿದರು. ಆ ಸಂತೋಷದಲ್ಲಿ ನನಗೊಂದು ತುಂಡು ಕೇಕು ಕೊಟ್ಟರು. ಅವತ್ತು ಇಡೀ ದಿನ ನನಗೆ ಕೆಲಸ ಬೇಡವಾಯಿತು. ಮುಂದೇನು, ಇನ್ನೆಷ್ಟು ಪೆಟ್ಟಿಗೆ, ಎದುರಾಳಿ ಎಂಥವನು ಎಂಬುದೇ ಧ್ಯಾನ. ಹಾಜರಿ ಪುಸ್ತಕದಲ್ಲಿ, ಹೆರಿಗೆಗೆಂದು ತವರಿಗೆ ಹೋಗಿದ್ದ ಒಬ್ಬಳನ್ನು ಹಾಜರೆಂದು ಬರೆದು, ಎದುರಿಗೇ ನಿಂತಿದ್ದ ಮೇಸ್ತ್ರಿಯನ್ನು ಗೈರುಹಾಜರಿಗೆ ಹಾಕಿದೆ.

ಮರುದಿನ ದೊರೆಸಾನಿಗೆ ಹಲ್ಲುನೋವು ತಡೆಯಲಾರದಷ್ಟಾಯಿತು. ಚಿಕ್ಕಮಗಳೂರಿಗೆ ಹೋಗಿ ಹಲ್ಲು ಕೀಳಿಸಿಕೊಂಡು, ಗೆಳತಿಯ ಮನೆಯಲ್ಲಿ ಉಳಿದು ಮಾರನೆಯ ದಿನ ಬರುತ್ತೇನೆಂದು ಕಾರು ಹತ್ತಿದರು. ಹತ್ತುವ ಮುನ್ನ, ತಂತಿ ಬಂದರೆ ಇಟ್ಟುಕೊಂಡಿರಿ ಎಂದು ಸನ್ನೆಯಲ್ಲೇ ಹೇಳಿದರು. ಬಣಕಲ್ಲಿಗೆ ಹೋದರೆ ಖಾದರ್ ಸಾಹೇಬರು ಆವತ್ತು ಕೂಗಲಿಲ್ಲ. ಬಸ್ಸು ನಿಲ್ಲಿಸಿ, ಇಳಿದು ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟು ಲಕೋಟೆ ಕೊಟ್ಟರು. ಲಕೋಟೆಯ ಮೇಲೆ ಪೋಸ್ಟ್ ಮಾಸ್ಟರು ಪೆನ್ಸಿಲಿನಲ್ಲಿ "ಧೈರ್ಯ ತಂದುಕೊಳ್ಳಿ" ಎಂದು ಬರೆದಿದ್ದರು. ಒಳಗಿದ್ದದ್ದು ಇಷ್ಟೇ: ಫಾದರ್ ಸಿಂಕಿಂಗ್ ಫಾಸ್ಟ್, ಲಿಟಲ್ ಹೋಪ್.

ತಂದೆ ಮುಳುಗುತ್ತಿದ್ದಾರೆ, ಆಸೆ ಕಡಿಮೆ. ಓದುಗರು ಈಗ ನಗುತ್ತಿರಬಹುದು. ಆದರೆ ಆ ಕಾಲದಲ್ಲಿ ತಂತಿಯಲ್ಲಿ ಯಾರಾದರೂ "ಸಿಂಕಿಂಗ್" ಎಂದರೆ ಅದಕ್ಕೆ ಒಂದೇ ಅರ್ಥ, ಪ್ರಾಣ ಹೋಗುತ್ತಿದೆ ಎಂದು. ಓದಿದವರು ಎರಡನೆಯ ಅರ್ಥ ಹುಡುಕುತ್ತಾ ಕೂರುತ್ತಿರಲಿಲ್ಲ, ಬಟ್ಟೆ ಕಟ್ಟಿಕೊಂಡು ಹೊರಡುತ್ತಿದ್ದರು. ಮುದುಕರ ಎದೆ ಸರಿಯಿಲ್ಲವೆಂಬುದು ಬೇರೆ ನನಗೆ ಗೊತ್ತಿತ್ತು. ಗೆಲ್ಲುವ ಹೊತ್ತಿಗೆ ಸರಿಯಾಗಿ ಕುಸಿದರಲ್ಲ ಎಂದು ಕಣ್ಣು ತುಂಬಿ ಬಂತು. ದೊರೆಸಾನಿ ಊರಲ್ಲಿಲ್ಲ. ನಾಳೆಯವರೆಗೆ ಇಟ್ಟುಕೊಂಡರೆ, ಅಷ್ಟರಲ್ಲಿ ಅಲ್ಲಿ ಏನಾಗುತ್ತದೋ. ದೊರೆಗೆ ಹೇಳಿದರೆ ಗುಟ್ಟು ಹೊರಗೆ ಬೀಳುತ್ತದೆ, ನನ್ನ ಕೆಲಸವೂ ಹೋಗಬಹುದು. ನಾಲ್ಕು ಮೈಲಿ ದಾರಿಯುದ್ದಕ್ಕೂ ಹೇಳುವುದೋ ಬೇಡವೋ ಎಂದುಕೊಂಡೇ ನಡೆದೆ. ಬಂಗಲೆಯ ಮೆಟ್ಟಿಲು ಹತ್ತುವಾಗಲೂ ತೀರ್ಮಾನವಾಗಿರಲಿಲ್ಲ. ದೊರೆ ತಲೆಯೆತ್ತಿ ನೋಡಿದ ಕೂಡಲೇ ಕೈ ತಾನಾಗಿ ತಂತಿಯನ್ನು ಮುಂದೆ ಚಾಚಿಬಿಟ್ಟಿತು.

ಅವರು ಎರಡು ಸಲ ಓದಿದರು. "ಇದು ನಿನ್ನ ಹೆಸರಿಗೆ ಯಾಕೆ ಬಂತು?"

ನಾನು ಎಲ್ಲವನ್ನೂ ಹೇಳಿದೆ. ಚುನಾವಣೆಯ ಭಾಗವೊಂದನ್ನು ಮಾತ್ರ ಬಿಟ್ಟೆ. ಸಾವಿನ ಮನೆಯಲ್ಲಿ ವೋಟಿನ ಮಾತೇಕೆ ಎಂದುಕೊಂಡು, ದೊರೆಸಾನಿಯ ತಂಗಿ ಕ್ಷೇಮ ಸಮಾಚಾರ ಕಳಿಸುತ್ತಿದ್ದಳು ಎಂದಷ್ಟೇ ಅಂದೆ. ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ. ದೊರೆ ಬೈಯಲಿಲ್ಲ. ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದರು. ಆಳುಗಳ ಮುಂದೆ ಗುಡುಗುವ ಮನುಷ್ಯ, ಆವತ್ತು ನನ್ನನ್ನು ಕೇಳಿದರು, "ರೈಟರ್, ನಾನು ಆ ಕಾಗದ ಬರೆಯಬಾರದಿತ್ತು, ಅಲ್ಲವಾ?" ಇಂಥ ಪ್ರಶ್ನೆಗೆ ಹೌದೆಂದರೂ ಕಷ್ಟ, ಇಲ್ಲವೆಂದರೂ ಕಷ್ಟ. ನಾನು ಕೆಮ್ಮಿದೆ. ಅವರು ಕೂತು ಒಂದು ಚೀಟಿಯಲ್ಲಿ ಬರೆದುಕೊಟ್ಟರು: ತಪ್ಪು ನನ್ನದು, ಕ್ಷಮಿಸಿ, ಮಗಳು ಸುಖವಾಗಿದ್ದಾಳೆ, ಕರೆದುಕೊಂಡು ಬರುತ್ತೇನೆ. ಅದನ್ನು ಹಿಡಿದುಕೊಂಡು ನಾನೇ ಮೂಡಿಗೆರೆಗೆ ಹೋಗಿ ತಂತಿ ಕೊಟ್ಟೆ. ಪೋಸ್ಟ್ ಮಾಸ್ಟರು ಕನ್ನಡಕ ಒರೆಸಿಕೊಂಡು ಕಳಿಸಿದರು.

ಮನೆಗೆ ಬಂದರೆ ಬೀಗ. ಪಕ್ಕದ ಆಳುಗಳ ಲೈನು ಮನೆಯಿಂದ ಮೇಸ್ತ್ರಿಯ ಹೆಂಡತಿ ಬಂದು, "ಅಮ್ಮಾರು ಅಳ್ತಾ ವಸ್ತಾರೆಗೆ ಹೋದ್ರು ಸ್ವಾಮಿ. ನಿಮ್ಮ ಅಪ್ಪಯ್ಯಂಗೆ ಜಾಸ್ತಿಯಂತಲ್ಲ. ಬಸ್ಸಲ್ಲಿ ಬಂದೋರು ಹೇಳಿದ್ರು. ನಿಮ್ಗೆ ತಂತಿ ಬಂತಂತೆ," ಎಂದಳು. ನನ್ನ ತಂದೆ ವಸ್ತಾರೆಯಲ್ಲಿ ಗದ್ದೆ ಮಾಡಿಕೊಂಡು ಗಟ್ಟಿಮುಟ್ಟಾಗಿದ್ದರು. "ರೈಟ್ರ ಫಾದರ್ ಸಿಂಕಿಂಗ್" ಎಂಬ ಸುದ್ದಿ ಬಸ್ಸಿನಿಂದ ಇಳಿದು ನನಗಿಂತ ಮುಂಚೆ ಮನೆ ಸೇರಿತ್ತು.

ಮರುದಿನ ಬೆಳಗ್ಗೆ ಬಂಗಲೆಯ ಮುಂದೆ ಕಾರು ನಿಂತಿತು. ದೊರೆ ಕಪ್ಪು ಟೈ ಕಟ್ಟಿ ಮೆಟ್ಟಿಲ ಮೇಲೆ ನಿಂತಿದ್ದರು. ಬಟ್ಲರ್ ಕಣ್ಣೊರೆಸಿಕೊಳ್ಳುತ್ತಿದ್ದ. ನಾನು ಒಂದು ಕಂಬದ ಮರೆಯಲ್ಲಿದ್ದೆ. ದೊರೆಸಾನಿ ಊದಿದ ಕೆನ್ನೆಗೆ ಶಾಲು ಸುತ್ತಿಕೊಂಡು ಇಳಿದು, ಎಲ್ಲರ ಮುಖ ನೋಡಿ ಗಾಬರಿಯಾದರು. ದೊರೆ ತಂತಿಯನ್ನು ಹೆಂಡತಿಯ ಕೈಗೆ ಕೊಟ್ಟರು. ಓದಿದರು. ಆಮೇಲೆ ಶಾಲಿನೊಳಗಿಂದ ಅಸ್ಪಷ್ಟವಾಗಿ ಕೇಳಿದರು, "ಗುಡ್ಡದ ವೋಟು ಬಂತಾ?"

"ವೋಟು?" ಎಂದರು ದೊರೆ. ಎಲ್ಲರ ಕಣ್ಣೂ ಕಂಬದ ಕಡೆ ತಿರುಗಿತು.

ಮುಳುಗುತ್ತಿದ್ದದ್ದು ಮುದುಕರಲ್ಲ, ಅವರ ವೋಟು ಎಂದು ನನಗೆ ಹೊಳೆದದ್ದು ಆಗಲೇ. ದೊರೆಸಾನಿಗೆ ನಗು ಬಂತು. ನಕ್ಕರೆ ಹಲ್ಲು ಕಿತ್ತ ಜಾಗ ನೋವು. ಕೆನ್ನೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು. ದೊರೆ ನನ್ನ ಕಡೆ ಬಂದರು. ಅವರ ಬಾಯಿಂದ ಏನು ಹೊರಡುತ್ತಿತ್ತೋ, ಅಷ್ಟರಲ್ಲಿ ನಾನೇ ಬಾಯಿಬಿಟ್ಟೆ, "ಸರ್, ನಿಮ್ಮ ತಂತಿ ಆಗಲೇ ಹೋಗಿಯಾಯಿತು."

"ಯಾವ ತಂತಿ?" ಎಂದರು ದೊರೆಸಾನಿ.

ದೊರೆ ಕಿವಿಯವರೆಗೂ ಕೆಂಪಾದರು. ಬರೆದದ್ದನ್ನು ಅವರೇ ತೊದಲುತ್ತಾ ಹೇಳಿದರು. ದೊರೆಸಾನಿಯ ನಗು ನಿಂತಿತು. ಎದ್ದು ಹೋಗಿ ಗಂಡನ ಕೈ ಹಿಡಿದುಕೊಂಡರು. ಊದಿದ ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು. ಬಟ್ಲರನೂ ನಾನೂ ತೋಟದ ಕಡೆ ಮುಖ ತಿರುಗಿಸಿ ನಿಂತೆವು. ಹತ್ತು ದಿನದ ಹಿಂದಿನ ಮಳೆಗೆ ಕಾಫಿ ಗಿಡಗಳು ಹೂ ಬಿಟ್ಟಿದ್ದವು. ಅದನ್ನು ಅಷ್ಟು ಹೊತ್ತು ನಾನು ಯಾವತ್ತೂ ನೋಡಿದ್ದಿಲ್ಲ.

ಮಧ್ಯಾಹ್ನ ಮೂರನೆಯ ತಂತಿ ಬಂತು. ಗುಡ್ಡದ ವೋಟಿನಿಂದ ತಂದೆ ಮೇಲೆದ್ದರು, ಗೆದ್ದರು ಎಂದಿತ್ತು. ಅದನ್ನು ತಲುಪಿಸಲು ಪೋಸ್ಟ್ ಮಾಸ್ಟರೇ ಬಣಕಲ್ಲಿನವರೆಗೆ ಬಸ್ಸು ಹತ್ತಿ ಬಂದಿದ್ದರು. "ರೈಟ್ರೇ, ನನ್ನ ಸರ್ವೀಸ್‌ನಲ್ಲಿ ಎಷ್ಟೋ ಸಿಂಕಿಂಗ್ ಬರ್ಕೊಂಡಿದೀನಿ. ಎದ್ದು ಬಂದಿದ್ದು ಇದೇ ಮೊದ್ಲು ಕಣ್ರೀ," ಎಂದು ನನ್ನ ಎರಡೂ ಕೈ ಕುಲುಕಿದರು. ಮಾರನೆಯ ದಿನ ಮಾವನಿಂದ ದೊರೆಯ ಹೆಸರಿಗೇ ಇನ್ನೊಂದು ತಂತಿ ಬಂತು: ನಾನು ಸತ್ತಿಲ್ಲ, ಆದರೂ ಕ್ಷಮಿಸಿದ್ದೇನೆ, ಬನ್ನಿ. ಆ ಮಳೆಗಾಲದಲ್ಲಿ ಗಂಡ ಹೆಂಡಿರಿಬ್ಬರೂ ಹಡಗು ಹತ್ತಿದರು. ನನ್ನ ಕೆಲಸ ಹೋಗಲಿಲ್ಲ. ಆದರೆ ತಂತಿ ಬಂದರೆ ಒಡೆಯದೆ ಬಟ್ಲರನ ಕೈಗೆ ಕೊಡತಕ್ಕದ್ದು ಎಂದು ದೊರೆ ಬರವಣಿಗೆಯಲ್ಲಿ ಹುಕುಂ ಮಾಡಿದರು. ಬಟ್ಲರನಿಗೆ ಓದಲು ಬರುತ್ತಿರಲಿಲ್ಲ. ಅದೇ ಅವನ ಯೋಗ್ಯತೆ.

ಮೂರನೆಯ ತಂತಿ ಬಂದ ದಿನ ಸಂಜೆಗೆ ಸೀತೆ ವಾಪಸು ಬಂದಳು. ಜೊತೆಗೆ ಅಪ್ಪಯ್ಯನೂ ಬಂದಿದ್ದರು. "ಏನೋ, ನಾನು ಊಟಕ್ಕೆ ಕೂತಿದ್ದೆ. ಇವಳು ಬಾಗಿಲಲ್ಲೇ ಅಳೋಕೆ ಶುರು ಮಾಡಿದ್ಲು. ಅಕ್ಕಪಕ್ಕದೋರೆಲ್ಲ ಓಡಿ ಬಂದ್ರು. ನಾನು ಬದುಕಿದೀನಿ ಅಂತ ತೋರ್ಸೋಕೆ ಎರಡು ಸಲ ಎಕ್ಸ್‌ಟ್ರಾ ಅನ್ನ ಹಾಕಿಸ್ಕೊಂಡೆ," ಎಂದು ಜಗಲಿಯಲ್ಲಿ ಕೂತರು. ನಾನು ನಾಚಿಕೊಂಡು ಎಲ್ಲ ಕತೆ ಹೇಳಿದೆ. ಅವರು ನಗಲಿಲ್ಲ. ಮುಂದಕ್ಕೆ ಬಾಗಿ ಕೂತು ಒಂದೊಂದನ್ನೂ ವಿಚಾರಿಸಿದರು. ಪೇಟೆಯಲ್ಲಿ ಎಷ್ಟು ಮುಂದಿದ್ರು? ಗುಡ್ಡದ ಪೆಟ್ಟಿಗೆ ಯಾವಾಗ ಒಡೆದ್ರು? "ಅದೇ ನೋಡು, ಗುಡ್ಡದೋರನ್ನ ನಂಬ್ಬೇಕು. ನಂಗೆ ಪೇಟೆಯೋರೇ ಕೈಕೊಟ್ಟಿದ್ದು," ಎಂದರು.

"ನಿಮ್ಗೆ ಯಾವಾಗ ಅಪ್ಪಯ್ಯ?"

"ಹೋದ ವರ್ಷ ತಾಲ್ಲೂಕು ಬೋರ್ಡಿನ ಚುನಾವಣೆಗೆ ನಿಂತಿದ್ನಲ್ಲೋ. ಸೋತೆ."

ನಾನು ಸೀತೆಯ ಮುಖ ನೋಡಿದೆ. "ನಾನು ಹೇಳಿದ್ದೆ. ನೀವು ಪೇಪರ್ ಓದ್ತಾ ಹೂಂ ಅಂದ್ರಿ," ಎಂದಳು. ಯಾವ ಪೇಪರು, ಅದರಲ್ಲಿ ಯಾವ ಊರಿನ ಯಾರ ಫಲಿತಾಂಶ ಓದುತ್ತಿದ್ದೆನೋ ನೆನಪಾಗಲಿಲ್ಲ. ಅಪ್ಪಯ್ಯನಿಗೆ ಬೇಸರವಿದ್ದಂತೆ ಕಾಣಲಿಲ್ಲ. ಕೇಳುವವನು ಸಿಕ್ಕಿದನೆಂದು ಹಳ್ಳಿ ಹಳ್ಳಿಯ ಲೆಕ್ಕ ಹೇಳಿದರು. ಯಾರು ಮಾತು ಕೊಟ್ಟು ತಪ್ಪಿದರು, ಎಣಿಸುವಾಗ ತಾವು ಹೊರಗಿನ ಕಟ್ಟೆಯ ಮೇಲೆ ಒಬ್ಬರೇ ಹೇಗೆ ಕೂತಿದ್ದರು ಎಲ್ಲವನ್ನೂ ಹೇಳಿದರು. ಒಬ್ಬನೇ ಕೂತಿದ್ದೆ ಎಂದಾಗ ಅವರು ನನ್ನ ಮುಖ ನೋಡಲಿಲ್ಲ.

ಕೆಲವು ತಿಂಗಳ ಮೇಲೆ ಅಮೆರಿಕದ ಮುದುಕರಿಂದ ನನಗೊಂದು ಕಾಗದ ಬಂತು. ಅವರ ಅಭ್ಯರ್ಥಿ ದೊಡ್ಡ ಸಭೆಯಲ್ಲಿ ಸೋತನಂತೆ, ಆದರೆ ಮಗಳೂ ಅಳಿಯನೂ ಅಂಗಡಿಯಲ್ಲಿ ಮೊಳೆ ತೂಗುತ್ತಿದ್ದಾರಂತೆ. ಕೊನೆಯಲ್ಲಿ, ನಿಮ್ಮ ಕಡೆ ಚುನಾವಣೆ ಹೇಗೆ ನಡೆಯುತ್ತದೆ, ನಿಮ್ಮ ಮನೆಯವರು ಯಾರಾದರೂ ನಿಂತದ್ದುಂಟೇ ಎಂದು ಕೇಳಿದ್ದರು. ನಾನು ನಾಲ್ಕು ಪುಟ ಉತ್ತರ ಬರೆದೆ. ನನ್ನ ತಂದೆ ನಿಂತದ್ದು, ಯಾವ ಹಳ್ಳಿಯಲ್ಲಿ ಎಷ್ಟು ಬಿತ್ತು, ಯಾರು ಕೈಕೊಟ್ಟರು ಎಲ್ಲವನ್ನೂ ಅಲ್ಲೇ ನಿಂತು ಕಂಡವನ ಹಾಗೆ ವರ್ಣಿಸಿದೆ. ಬರೆದು ಮುಗಿಸಿ ಒಮ್ಮೆ ಓದಿದೆ. ಬಹಳ ಚೆನ್ನಾಗಿ ಬಂದಿತ್ತು. ಆವತ್ತು ಮಗ ಎಲ್ಲಿದ್ದ ಎಂಬುದೊಂದನ್ನು ಬಿಟ್ಟು ಅದರಲ್ಲಿ ಎಲ್ಲವೂ ಇತ್ತು.