ಸೋಮವಾರದ ಮಾತ್ರೆ, ನಾನು ನುಂಗಿದ ಮಾತು

ನಾಚಿಕೆ ಒಳ್ಳೆಯ ಗುಣವೆಂದು ಕಲಿಸಿದವರು ಅದನ್ನು ಎಲ್ಲಿ ಕಳಚಿಡಬೇಕೆಂದು ಮಾತ್ರ ನನಗೆ ಹೇಳಿಕೊಡಲಿಲ್ಲ. ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಅಲ್ಲಿ ತರಗತಿಯ ಮಧ್ಯೆ ಹೊರಗೆ ಹೋಗಬೇಕೆನಿಸಿದರೆ ಕಿರುಬೆರಳೆತ್ತಿ ನಿಲ್ಲುತ್ತಿದ್ದೆವು. ಯಾಕೆಂದು ನಾವು ಹೇಳುತ್ತಿರಲಿಲ್ಲ, ಸಿಸ್ಟರ್ ಕೇಳುತ್ತಿರಲಿಲ್ಲ. ಮದುವೆಯಾಗಿ ಹುಣಸೂರಿನ ಹತ್ತಿರದ ಕಟ್ಟೆಮಳಲವಾಡಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ಆ ಒಂದು ಪದ ಗಂಡಸರ ಎದುರಿಗಿರಲಿ, ಗೋಡೆಯ ಎದುರಿಗೂ ನನ್ನ ಬಾಯಿಂದ ಹೊರಬಿದ್ದಿರಲಿಲ್ಲ.

ಹೀಗಿರುವಾಗ ನಮ್ಮೂರಿನ ಆಶಾ ಕಾರ್ಯಕರ್ತೆ ಸವಿತಾ ನನಗೊಂದು ಕೆಲಸ ಒಪ್ಪಿಸಿದಳು. ಎದುರುಮನೆಯ ಶಿವಣ್ಣ ಹಿಟ್ಟಿನ ಗಿರಣಿ ಇಟ್ಟುಕೊಂಡವನು. ಅವನಿಗೆ ಕ್ಷಯವೆಂದು ಗೊತ್ತಾಗಿ ಔಷಧಿ ಶುರುವಾಗಿತ್ತು. ಅವನ ಅಪ್ಪ ಬಸಪ್ಪ, ತಾಯಿ ನಿಂಗವ್ವ, ಹೆಂಡತಿ ಮಾದೇವಿ, ಎಂಟು ವರ್ಷದ ಮಗಳು ಭೂಮಿಕಾ, ಈ ನಾಲ್ವರಿಗೂ ಪರೀಕ್ಷೆ ಮಾಡಿಸಿ ಕಾಯಿಲೆ ಇಲ್ಲವೆಂದು ಖಾತ್ರಿಯಾಗಿತ್ತು. ಮುಂದೆಯೂ ಬಾರದಿರಲೆಂದು ಅವರು ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ಮಾತ್ರೆ ನುಂಗಬೇಕು. ಅದಕ್ಕಾಗಿ ಮನೆಮಂದಿಯೆಲ್ಲ ಬಸ್ಸು ಹತ್ತಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು ಆಗುಹೋಗುವ ಮಾತಲ್ಲ. “ನೀವೇ ಎದುರಿಗೆ ನಿಂತು ನುಂಗಿಸಿ ಅಕ್ಕ, ನಿಮ್ಮ ಮಾತಾದ್ರೆ ಕೇಳ್ತಾರೆ” ಎಂದಳು ಸವಿತಾ. ನನ್ನ ಮಾತನ್ನು ಕೇಳುವವರು ಈ ಊರಲ್ಲಿ ಇದ್ದಾರೆಂಬ ಸುದ್ದಿಗೇ ಉಬ್ಬಿಹೋಗಿ ಒಪ್ಪಿಕೊಂಡೆ.

ವಾರವನ್ನು ಗೊತ್ತುಮಾಡಿದ್ದೂ ನಾನೇ. ಇದನ್ನು ಯಾರ ಮುಂದೆ ಬೇಕಾದರೂ ಹೆಮ್ಮೆಯಿಂದ ಹೇಳುತ್ತೇನೆ. ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲವಾದ್ದರಿಂದ ಬಸಪ್ಪನವರು ಮನೆಯಲ್ಲಿ ಸಿಗುತ್ತಾರೆ. ಅಂದು ಅವರಿಗೆ ಒಪ್ಪತ್ತು. ಸಂಜೆ ದೀಪ ಹಚ್ಚಿದ ಮೇಲೆ ಒಂದೇ ಊಟ. ಊಟವಾಗಿ ಕೈ ತೊಳೆದ ಕೂಡಲೇ ಮಾತ್ರೆ. ಇಂಥ ಲೆಕ್ಕಾಚಾರ ದೊಡ್ಡ ದೊಡ್ಡ ಡಾಕ್ಟರಿಗೂ ಹೊಳೆಯುತ್ತಿರಲಿಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ತಟ್ಟಿಕೊಂಡದ್ದು ಸ್ವಲ್ಪ ಬೇಗವಾಯಿತು. ಈ ಮಾತ್ರೆ ನುಂಗಿದರೆ ಆ ಕಿರುಬೆರಳಿನ ಸಂಗತಿ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಮೊದಲೇ ಹೇಳಿಬಿಡಿ ಎಂದು ಸವಿತಾ ಎರಡೆರಡು ಸಲ ಎಚ್ಚರಿಸಿದ್ದಳು. ಹೊಟ್ಟೆ ತೊಳಸಿದರೆ ಹೇಳಿ, ಕಣ್ಣು ಹಳದಿಯಾದರೆ ತಕ್ಷಣ ಹೇಳಿ ಎಂಬುದನ್ನೆಲ್ಲ ಮೊದಲ ಸೋಮವಾರ ಚಾಚೂ ತಪ್ಪದೆ ಒಪ್ಪಿಸಿದೆ. ಆ ಸಂಗತಿ ಬಂದಾಗ ಮಾತ್ರ ಬಸಪ್ಪನವರ ಬಿಳಿ ಮೀಸೆ ನೋಡಿ ನಾಲಿಗೆ ಹಿಂದಕ್ಕೆ ಸರಿಯಿತು. ಹೆಂಗಸರಿಬ್ಬರನ್ನೂ ಅಡುಗೆಮನೆಗೆ ಕರೆದು ಪಿಸುಗುಟ್ಟಿದೆ. ಮಾದೇವಿ ಮಗಳಿಗೆ ಹೇಳುತ್ತಾಳೆ, ನಿಂಗವ್ವ ಗಂಡನಿಗೆ ಹೇಳುತ್ತಾರೆ, ಮುಗಿಯಿತಲ್ಲ! ನಾನು ಸಣ್ಣ ಸಣ್ಣದನ್ನೂ ಗಮನಿಸುವವಳೆಂದು ನಮ್ಮ ಬಂಧುಗಳಲ್ಲಿ ಹೆಸರು. ನಿಂಗವ್ವನ ರವಿಕೆಯ ತೋಳಿಗೆ ಬೇರೆ ಬಣ್ಣದ ದಾರದಲ್ಲಿ ಹೊಲಿಗೆ ಹಾಕಿದ್ದು ನನಗೆ ಕಂಡಿತ್ತು. ಆ ಗಂಡಹೆಂಡಿರು ಒಂದು ಹಸು ಮಾರಿದ ಜಗಳದಲ್ಲಿ ಆರು ವರ್ಷದಿಂದ ಮಾತು ಬಿಟ್ಟಿದ್ದಾರೆಂಬುದು ಕಂಡಿರಲಿಲ್ಲ. ಒಬ್ಬರಿಗೊಬ್ಬರು ಹೇಳಬೇಕಾದ್ದನ್ನು ಮೊದಮೊದಲು ಹಜಾರದ ಕಂಬಕ್ಕೆ ಹೇಳುತ್ತಿದ್ದರಂತೆ. ಭೂಮಿಕಾಗೆ ಮಾತು ಬಂದ ಮೇಲೆ ಎಲ್ಲ ವ್ಯವಹಾರವೂ ಅವಳ ಮೂಲಕ.

ಮಂಗಳವಾರ ಬೆಳಗ್ಗೆ ಎದುರುಮನೆಯ ಎತ್ತುಗಳು ಕೊಟ್ಟಿಗೆಯಲ್ಲೇ ಇದ್ದವು. ಬಸಪ್ಪನವರು ಜಗಲಿಯ ಮೇಲೆ ಉದ್ದಕ್ಕೆ ಮಲಗಿ ಮುಖಕ್ಕೆ ಟವಲು ಹೊದ್ದಿದ್ದರು. ಸುತ್ತ ಏಳೆಂಟು ಜನ.

“ನನ್ ಮಗಂಗೆ ಕಾಯ್ಲೆ ಬಂದಾಗ ಇತ್ಲಲ್ಲಿ ಕೆಂಪಗೆ ಓಯ್ತಿತ್ತು, ನಾನೇ ಕಂಡಿವ್ನಿ” ಎಂದಿತು ಟವಲು. “ಈಗ ನಂಗೂ ಅಂಗೇ ಆಗದೆ. ಚೆಂದಾಗಿದ್ದೋನ್ಗೆ ಮಾತ್ರೆ ನುಂಗ್ಸಿ ಕಾಯ್ಲೆ ತರ್ಸ್‌ಬುಟ್ಲು ಕಣ್ರಪ್ಪಾ, ಆ ಎದುರುಮನೆ ಅವ್ವ!”

“ನಿಂದಾಯ್ತು ಬುಡು ಬಸಪ್ಪಣ್ಣ, ಆ ಕೂಸ್ಗೂ ನುಂಗ್ಸವ್ರಲ್ಲ!” ಎಂದರು ಯಾರೋ.

ಬಸಪ್ಪನವರು ಟವಲು ಕಿತ್ತೆಸೆದು ಎದ್ದು ಕೂತರು. “ಇನ್ಮೇಕೆ ನಮ್ ಭೂಮಿ ಬಾಯ್ಗೆ ಒಂದು ಮಾತ್ರೆ ಇಕ್ಕಾಕಿಲ್ಲ!”

ದೂರದಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದ ಶಿವಣ್ಣ ನನ್ನತ್ತ ನಾಲ್ಕು ಹೆಜ್ಜೆ ಬಂದು ನಿಂತ. “ಅಕ್ಕ, ಕಾಯ್ಲೆ ಅಂತ ಗೊತ್ತಾಗೋಗಂಟ ಭೂಮಿ ನನ್ ಪಕ್ಕದಲ್ಲೇ ಮಲಗ್ತಿದ್ಲು. ಅವ್ಳಿಗೆ ನಿಲ್ಲಿಸ್ಬ್ಯಾಡಿ” ಎಂದ.

ಆಗ ನನಗೇನಾಯಿತೋ ಗೊತ್ತಿಲ್ಲ. ಜಗಲಿಯ ಮೆಟ್ಟಿಲು ಹತ್ತಿದೆ. “ಬಸಪ್ಪನವರೇ, ನಿಮ್ಮ ಉಚ್ಚೆ ಕೆಂಪಗಾಗಿರೋದು ಮಾತ್ರೆಯ ಬಣ್ಣದಿಂದ! ಶಿವಣ್ಣನ ಉಚ್ಚೆಗೂ ಮಾತ್ರೆಯದೇ ಬಣ್ಣ, ಕಾಯಿಲೆಯದಲ್ಲ! ಎರಡು ದಿನ ಬಿಟ್ಟು ನೋಡಿ, ನಿಮ್ಮ ಉಚ್ಚೆ ಮೊದಲಿನ ಹಾಗೇ ಇರುತ್ತೆ!” ಒಂದೇ ಉಸಿರಿನಲ್ಲಿ ಆ ಪದ ಮೂರು ಸಲ. ನಮ್ಮ ಗೇಟಿನ ಹತ್ತಿರ ನಿಂತಿದ್ದ ನನ್ನ ಗಂಡ ಓದುತ್ತಿದ್ದ ಪೇಪರನ್ನು ಮುಖ ಮುಚ್ಚುವಷ್ಟು ಮೇಲಕ್ಕೆತ್ತಿಕೊಂಡರು.

ಒಳಗಿನಿಂದ ನಿಂಗವ್ವನ ದನಿ ಬಂತು. “ಭೂಮೀ, ನಿಮ್ ತಾತಂಗೆ ಯೇಳು. ನಂಗೂ ಅಂಗೇ ಆಗದೆ. ನಾನು ಆಲು ಕರೆದು, ಮುದ್ದೆ ತಿರುವಿ, ಕಸ ಬಾಚಿವ್ನಿ.”

ಭೂಮಿಕಾ ಬಾಯಿ ತೆರೆಯುವಷ್ಟರಲ್ಲಿ ಬಸಪ್ಪನವರೇ ಬಾಗಿಲತ್ತ ತಿರುಗಿ ಗುಡುಗಿದರು. “ಗೊತ್ತಿದ್ದೂ ಬಾಯ್ಬುಡ್ನಿಲ್ವೇನೇ?”

“ಇಂಥಾ ಮಾತ್ನ ಕೂಸಿನ್ ಕೈಲಿ ಯೇಳಿ ಕಳ್ಸಕ್ಕಾಯ್ತದಾ? ನೀವೇ ಬಂದು ಕೇಳ್ಬೇಕಿತ್ತು!”

ಆರು ವರ್ಷಗಳ ಮೇಲೆ ನೇರವಾಗಿ ಶುರುವಾದ ಆ ಜಗಳ ಮಧ್ಯಾಹ್ನದವರೆಗೆ ನಡೆಯಿತು. ಮಾರಿದ ಹಸು ಎರಡು ಸಲ ಬಂದುಹೋಯಿತು. ಸವಿತಾ ಬಂದು ನಾನು ಹೇಳಿದ್ದೆಲ್ಲ ಸರಿಯೆಂದು ಒಪ್ಪಿಸುವ ಹೊತ್ತಿಗೆ ಕೇಳುವವರೇ ಇರಲಿಲ್ಲ.

ಮುಂದಿನ ಸೋಮವಾರ ಬಸಪ್ಪನವರು ಕೈ ತೊಳೆದು ಬಂದು ತಾವೇ ಅಂಗೈ ಚಾಚಿದರು. ಹನ್ನೆರಡನೆಯ ಸೋಮವಾರ ಭೂಮಿಕಾ ಮಾತ್ರೆ ನುಂಗಿ ಬಾಯಿ ತೆರೆದು ತೋರಿಸಿದಾಗ, ಬಿದ್ದ ಹಲ್ಲಿನ ಜಾಗದಲ್ಲಿ ಹೊಸದೊಂದು ಅಕ್ಕಿಕಾಳಿನಷ್ಟು ಇಣುಕುತ್ತಿತ್ತು. ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ ಶಿವಣ್ಣ ಬೇಗ ಅತ್ತ ತಿರುಗಿಕೊಂಡ. ನಾಲ್ವರಲ್ಲಿ ಒಬ್ಬರೂ ಒಂದು ವಾರವೂ ತಪ್ಪಿಸಲಿಲ್ಲ. ನನ್ನ ಡಿಗ್ರಿ ಬಂದ ದಿನವೂ ನಾನು ಅಷ್ಟು ಬೀಗಿರಲಿಲ್ಲ.

ಈಗ ಹಿಂದಿನ ಬೀದಿಯ ಇನ್ನೊಂದು ಮನೆಗೂ ನನ್ನದೇ ಸೋಮವಾರ. ಆದರೆ ಬಸಪ್ಪನವರು ಜೊತೆಗೆ ಬರುತ್ತಾರೆ. ನಾನು ಮಾತ್ರೆಯ ಡಬ್ಬಿ ಬಿಚ್ಚುವ ಮೊದಲೇ ಬಣ್ಣದ ವಿಷಯವನ್ನು ಬೀದಿಗೆಲ್ಲ ಕೇಳುವಂತೆ ವಿವರಿಸಿ, “ನೀನು ಸುಮ್ಕಿರವ್ವ, ಓದ್ದೋರ್ಗೆ ಇದೆಲ್ಲ ತಿಳಿಯಾಕಿಲ್ಲ” ಎನ್ನುತ್ತಾರೆ. ನೀರಿನ ಚೊಂಬು ಹಿಡಿದು ಹಿಂದೆ ನಿಲ್ಲುವುದಷ್ಟೇ ನನ್ನ ಪಾಲಿನ ಕೆಲಸ. ಮೊನ್ನೆ ಆ ಮನೆಯವರಿಗೆ ನನ್ನ ಪರಿಚಯವನ್ನೂ ಮಾಡಿಕೊಟ್ಟರು: “ಬಾಯಿ ಒಸಿ ಕಮ್ಮಿ ಕಣ್ರಪ್ಪಾ ಈಯವ್ವಂದು, ಆದ್ರೆ ಕೈಗುಣ ಒಳ್ಳೇದು.” ನನಗೆ ಬಾಯಿ ಕಮ್ಮಿಯೆಂದು ಈ ಪ್ರಪಂಚದಲ್ಲಿ ಹೇಳಿದವರು ಅವರೊಬ್ಬರೇ. ಆ ಮಾತನ್ನು ನನ್ನ ಗಂಡನ ಎದುರಿಗೆ ಒಂದೇ ಒಂದು ಸಲ ಹೇಳಿಸಬೇಕೆಂದು ಮೂರು ವಾರದಿಂದ ಅವರನ್ನು ಮನೆಗೆ ಕಾಫಿಗೆ ಕರೆಯುತ್ತಲೇ ಇದ್ದೇನೆ. ಅವರೋ, ಮಾತ್ರೆ ಕೊಡುವ ಕೆಲಸದಲ್ಲಿ ಪುರುಸೊತ್ತಿಲ್ಲ ಎನ್ನುತ್ತಿದ್ದಾರೆ.