ನೂರು ಝಾಡು

ಬಿಸಿಲಿಗೆ ಕೋಳಿಗಳು ಸಾಯದಂತೆ ಶೆಡ್ಡುಗಳ ಸುತ್ತ ಮರ ನೆಡತಕ್ಕದ್ದೆಂದು ಮುಂಬಯಿಯ ಸಯನ್ನಿನ ಕನ್ನಡಿಗರ ಕುಕ್ಕುಟ ತಾಪಶಮನ ಸಮಿತಿಯು ಸರ್ವಾನುಮತದಿಂದ ನಿರ್ಣಯಿಸಿತು. ಸಭೆ ಎ.ಸಿ. ಹಾಲ್‌ನಲ್ಲಿ ನಡೆದದ್ದರಿಂದ ಕೋಳಿಗಳ ಕಷ್ಟ ಎಲ್ಲರಿಗೂ ಚೆನ್ನಾಗಿ ಅರ್ಥವಾಗಿತ್ತು.

ಜೋಗೇಶ್ವರಿಯಲ್ಲಿ ತಗಡಿನ ಶೆಡ್ಡು ಹಾಕಿ ಮುನ್ನೂರು ಕೋಳಿ ಸಾಕಿದ್ದ ಖಂಡಪ್ಪ ಸುದ್ದಿ ಕೇಳಿ ಹಿಗ್ಗಿಹೋದ. ಏಪ್ರಿಲ್ ಹುಟ್ಟಿದಾಗಿನಿಂದ ದಿನಕ್ಕೆ ಐದಾರು ಕೋಳಿ ಬಾಯಿ ತೆರೆದು ಉರುಳುತ್ತಿದ್ದವು. ಪಾಪ, ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ವಿಜಯಪುರ ಬಿಟ್ಟು ಮೂವತ್ತು ವರ್ಷ, ಸುತ್ತಲೂ ಮರಾಠಿ. ಮರಕ್ಕೆ ‘ಝಾಡ್’ ಅನ್ನುವುದೇ ಅವನಿಗೆ ರೂಢಿ. ಸಸಿಗಾಗಿ ಸಮಿತಿಗೆ ಕೊಡುವ ಅರ್ಜಿ ಮಾತ್ರ ಅಚ್ಚಕನ್ನಡದಲ್ಲಿರಬೇಕೆಂಬುದು ನಿಯಮ. ಬಸ್ಸು, ಲೈಟು, ಪೆನ್ನು ಇದ್ದಹಾಗೆ ಇದಕ್ಕೂ ಕೊನೆಗೊಂದು ಕೊಂಬು ಕೊಟ್ಟು ಬರೆದ: “ನೂರು ಝಾಡು ಕೊಡಬೇಕ್ರಿ.”

ಝಾಡು ಅಂದರೆ ಇಡೀ ಮುಂಬಯಿಗೆ ಪೊರಕೆ. ಹತ್ತನೇ ದಿನ ಟೆಂಪೋ ತುಂಬ ನೂರು ಪೊರಕೆ ಬಂದಿಳಿದವು. ಜೊತೆಗೆ ಸಮಿತಿಯ ಕಾರ್ಯದರ್ಶಿ, ಉಡುಪಿ ಕಡೆಯ ಶೇಖರ.

“ಸಾಹೇಬ್ರ, ಇವು ಕಸಬರಿಗಿ ಅದಾವಲ್ರಿ!”

“ಅರ್ಜಿಯಲ್ಲಿ ಝಾಡು ಉಂಟು, ಮಂಜೂರಾದದ್ದು ಝಾಡು, ಬಂದದ್ದೂ ಝಾಡು. ತಪ್ಪೆಲ್ಲಿ ಉಂಟು ಮಾರಾಯ್ರೆ? ಇನ್ನು ನೆಡುವುದೊಂದೇ ಬಾಕಿ.”

ನೆಟ್ಟೇಬಿಟ್ಟರು. ಹಿಡಿಕೆ ಮಣ್ಣಲ್ಲಿ, ಕಡ್ಡಿ ಆಕಾಶಕ್ಕೆ. ಒಂದೊಂದಕ್ಕೂ ನಂಬರು, ಸುತ್ತ ಬೇಲಿ. ನಿಯಮ ಏಳರಂತೆ ದಿನಕ್ಕೆರಡು ಸಲ ನೀರುಣಿಸುವ ಹೊಣೆ ಫಲಾನುಭವಿಯದು. ಖಂಡಪ್ಪನ ಹೆಂಡತಿ ಶರಣವ್ವ ಅಂಗಳ ಗುಡಿಸಲು ಹದಿನಾಲ್ಕನೇ ನಂಬರಿಗೆ ಕೈ ಹಾಕಿದಳು.

ಶೇಖರ ಹೌಹಾರಿದ. “ಅಯ್ಯೋ ಬೇಡ ಅಕ್ಕಾ! ಅನುಮತಿಯಿಲ್ಲದೆ ಮರ ಕಿತ್ತ ಕೇಸಾಗ್ತದೆ!”

“ಸುಡ್ಲಿ ನಿಮ್ಮ ಮರ. ನೆರಳ ಎಲ್ಲೈತಿ?”

“ಬೆಳೆಯಲಿ ಅಕ್ಕಾ, ಈಗಷ್ಟೇ ನೆಟ್ಟದ್ದಲ್ಲವಾ?”

ಖಂಡಪ್ಪ ಕೈಮುಗಿದ. “ದಿನಾ ಕೋಳಿ ಸಾಯಾಕತ್ತಾವ್ರೀ. ನಾಕು ಬೇವಿನ ಸಸಿನಾರ ಕೊಡ್ರಿ.”

“ಕೊಡಬಹುದಿತ್ತು. ಜಾಗ ಎಲ್ಲುಂಟು ಹೇಳಿ? ಈಗಾಗಲೇ ನೂರು ನೆಟ್ಟಾಗಿದೆಯಲ್ಲ!”

ಮೇ ತಿಂಗಳು ಬಂತು. ತಗಡು ಕಾದ ಹೆಂಚಾಯಿತು. ಸತ್ತವು ಸತ್ತವು, ಉಳಿದ ಎಪ್ಪತ್ತನ್ನು ಖಂಡಪ್ಪ ಕಣ್ಣೊರೆಸಿಕೊಳ್ಳುತ್ತ ಮಾರಿಬಿಟ್ಟ. ನೀರು ಹಾಕುವುದನ್ನು ಮಾತ್ರ ಬಿಡಲಿಲ್ಲ, ನಿಯಮ ನಿಯಮವೇ.

ಜೂನ್ ಮೊದಲ ವಾರ ಸಮಿತಿ ಪೂರ್ತಿ ಪರಿಶೀಲನೆಗೆ ಬಂತು. ಕಡ್ಡಿಗಳನ್ನು ಮುಟ್ಟಿ ನೋಡಿ ತಲೆದೂಗಿತು. ಶೇಖರ ಎದ್ದು ನಿಂತು ವರದಿ ಓದಿದ:

“ನೆಟ್ಟ ಝಾಡು ನೂರು. ನೆಟ್ಟ ಮೇಲೆ ಒಣಗಿದ್ದು ಒಂದೂ ಇಲ್ಲ. ಈ ಶೆಡ್ಡಿನಲ್ಲಿ ಇಂದು ಬಿಸಿಲಿಗೆ ಬಳಲುತ್ತಿರುವ ಕೋಳಿಗಳ ಸಂಖ್ಯೆ ಸೊನ್ನೆ. ಯೋಜನೆ ಸಂಪೂರ್ಣ ಯಶಸ್ವಿ.”

ಶರಣವ್ವ ಗಂಡನ ಮುಖ ನೋಡಿದಳು. ಖಂಡಪ್ಪ ಖಾಲಿ ಶೆಡ್ಡಿನೊಳಗೆ ಇಣುಕಿ ಈ ತುದಿಯಿಂದ ಆ ತುದಿವರೆಗೆ ಪರೀಕ್ಷಿಸಿದ. ವರದಿಯಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸಹಿ ಹಾಕಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ಅವನೂ ತಟ್ಟಿದ.