ಓದು ಬರುತ್ತದೆ ಎಂಬ ಹೆಬ್ಬೆಟ್ಟು

ಎರಡು ವರ್ಷ ನಾವು ಶಾಲೆಗೆ ಬೀಗ ಹಾಕಿದೆವು. ಬೀಗ ತೆಗೆದ ದಿನ ಮಕ್ಕಳ ಕೈಯಲ್ಲೇ ಸುಳ್ಳು ಬರೆಸಿದೆವು. ಬರೆಸಿದೆವು ಅನ್ನುವುದೂ ಸುಳ್ಳು. ಬರೆಯುವುದು ಮಕ್ಕಳಿಗೆ ಮರೆತುಹೋಗಿತ್ತು, ಹೆಬ್ಬೆಟ್ಟು ಒತ್ತಿಸಿದೆವು. ಮಸಿಡಬ್ಬಿ ಹಿಡಿದಿದ್ದವನು ನಾನೇ, ಪೋಷಕರ ಸಮಿತಿಯ ಕಾರ್ಯದರ್ಶಿ. ಮಂತ್ರಿಗಳ ಕೈಯಿಂದ ಮೈಕು ಕಿತ್ತು ಕೂಗುವವನೆಂದು ಬುಸೋಗ ಸೀಮೆಯ ಈ ಭಾಗದಲ್ಲೆಲ್ಲ ನನಗೆ ಹೆಸರಿದೆ.

ಸಾಂಕ್ರಾಮಿಕ ರೋಗ ಬಂದು ಶಾಲೆ ಮುಚ್ಚಿದಾಗ ಪಾಠವನ್ನು ರೇಡಿಯೊಗೆ ವರ್ಗಾಯಿಸಲಾಯಿತು. ಊರಲ್ಲಿ ಬ್ಯಾಟರಿ ಇದ್ದ ರೇಡಿಯೊ ಒಂದೇ, ಅದು ಕ್ಷೌರದಂಗಡಿಯಲ್ಲಿ. ಪಾಠದ ಹೊತ್ತಿಗೆ ಮಕ್ಕಳು ಕಬ್ಬಿನ ಗದ್ದೆಯಲ್ಲಿ. ಆದ್ದರಿಂದ ಎರಡು ವರ್ಷದ ಪಾಠವನ್ನು ಕ್ಷೌರಿಕನೂ ಅವನ ಗಿರಾಕಿಗಳೂ ಕ್ರಮಬದ್ಧವಾಗಿ ಕಲಿತರು. ಮನೆಯಲ್ಲಿ ಓದಲೆಂದು ಬಂದ ಪಾಠದ ಹಾಳೆಗಳಲ್ಲಿ ಮೊಟ್ಟೆ ಚಪಾತಿ ಸುತ್ತಿ ಮಾರಲಾಯಿತು. ಹೀಗೆ ಹಾಳೆಗಳು ಮನೆಮನೆಗೂ ತಲುಪಿದವು.

ಶಾಲೆ ತೆರೆಯುವ ಮುನ್ನ ಸಮಿತಿ ನಿಯಮ ಮಾಡಿತು: “ರೇಡಿಯೊ ಇರುವ ಊರಿನ ಮಗುವನ್ನು ಪಾಠ ಕೇಳಿದ ಮಗುವೆಂದೇ ಪರಿಗಣಿಸತಕ್ಕದ್ದು. ‘ನನಗೆ ಓದು ಬರಹ ಬರುತ್ತದೆ’ ಎಂಬ ಹೇಳಿಕೆಗೆ ಸಹಿ ಮಾಡಿ ಎರಡು ತರಗತಿ ಮೇಲಕ್ಕೆ ಹೋಗತಕ್ಕದ್ದು. ಸಹಿ ಬಾರದ ಮಗು ಹೆಬ್ಬೆಟ್ಟು ಒತ್ತಬಹುದು.” ಕರಡು ನನ್ನದೇ. ಭಾಷೆ ಚೆನ್ನಾಗಿದೆ ಎಂದು ಎಲ್ಲರೂ ಹೊಗಳಿದರು. ನಮ್ಮಲ್ಲಿ ಸಾವಿನ ಮನೆಗೆ ಹೋದರೂ ಮೊದಲು ಸಂದರ್ಶಕರ ಪುಸ್ತಕಕ್ಕೆ ಸಹಿ ಹಾಕಬೇಕು. ಸಹಿಯಾಯಿತೆಂದರೆ ಕೆಲಸ ನಡೆಯಿತೆಂದೇ ಲೆಕ್ಕ.

ನನ್ನ ಅಕ್ಕ ನೈಗಾಗ ತನ್ನ ಮಗಳು ಕಗೋಯಾಳನ್ನು ಕರೆತಂದಳು. ಎರಡನೇ ತರಗತಿಯಲ್ಲಿದ್ದಾಗ ಮನೆ ಗೋಡೆ ತುಂಬ ಇದ್ದಲಿನಲ್ಲಿ ತನ್ನ ಹೆಸರು ಬರೆದು ಒದೆ ತಿಂದಿದ್ದ ಹುಡುಗಿ.

“ಮೇಷ್ಟ್ರೇ, ಇವಳನ್ನ ಎರಡರಲ್ಲೇ ಕೂರಿಸಿ. ಅಕ್ಷರ ಎಲ್ಲಾ ಮರ್ತಿದಾಳೆ.”

ಹೆಡ್‌ಮಾಸ್ಟರ್ ಬಾಲಿದಾವ ಕನಿಕರದಿಂದ ನಕ್ಕರು. “ಅದ್ಹೇಗಮ್ಮಾ ಆಗುತ್ತೆ? ಇವಳೊಬ್ಬಳು ಮರ್ತಿದಾಳೆ ಅಂದ್ರೆ ಊರಿಗೆ ಊರೇ ಮರ್ತಿದೆ ಅಂತಾಗುತ್ತೆ. ನಾಲ್ಕಕ್ಕೇ ಹೋಗ್ಲಿ ಬಿಡಿ. ಅಲ್ಲಿ ಕಿಟಕಿ ಇದೆ, ಒಳ್ಳೆ ಗಾಳಿ ಬರುತ್ತೆ.”

“ಗಾಳಿ ಓದ್ತಾಳಾ ಮೇಷ್ಟ್ರೇ?” ಅಕ್ಕ ನನ್ನ ಕಡೆ ತಿರುಗಿದಳು. “ನೀನಾದ್ರೂ ಬಾಯಿ ಬಿಡೋ! ಮಂತ್ರಿ ಮುಂದೆ ಸಿಂಹ, ಇಲ್ಲಿ ಕೋಳಿಮರಿನಾ?”

“ನಿಯಮ, ಅಕ್ಕಾ,” ಅಂದೆ.

ಕಗೋಯಾ ಹಾಳೆಯನ್ನೇ ನೋಡುತ್ತಿದ್ದಳು. “ಮಾವ, ಇದ್ರಲ್ಲಿ ಏನ್ ಬರ್ದಿದೆ?”

“ನನಗೆ ಓದು ಬರಹ ಬರುತ್ತದೆ ಅಂತ.”

“ಮತ್ತೆ ನೀನ್ಯಾಕೆ ಓದಿ ಹೇಳ್ದೆ?”

ಈ ಪ್ರಶ್ನೆಗೆ ನಿಯಮದಲ್ಲಿ ಅವಕಾಶವಿರಲಿಲ್ಲ. ಅವಳ ಬೆರಳು ಹಿಡಿದು ಒತ್ತಿಸಿದೆ. ಕಬ್ಬಿನ ಗರಿ ಸುಲಿದು ಸುಲಿದು ಬೆರಳಿನ ಗೆರೆಗಳೇ ಸವೆದಿದ್ದವು. ಹಾಳೆಯ ಮೇಲೆ ಬರೀ ಕಪ್ಪು ಬೊಟ್ಟು ಬಿತ್ತು. “ಸ್ಪಷ್ಟವಾಗಿದೆ,” ಎಂದರು ಹೆಡ್‌ಮಾಸ್ಟರ್. ಸಮಿತಿ ಚಪ್ಪಾಳೆ ತಟ್ಟಿತು. ಹೊರಡುವಾಗ ಅಕ್ಕ ಶಾಲೆಯ ಸಂದರ್ಶಕರ ಪುಸ್ತಕಕ್ಕೆ ಸಹಿ ಹಾಕಿ, ಅಭಿಪ್ರಾಯದ ಜಾಗದಲ್ಲಿ ಪದ್ಧತಿಯಂತೆ ‘ಚೆನ್ನಾಗಿದೆ’ ಎಂದು ಬರೆದಳು.

ಕಗೋಯಾ ಈಗ ನಾಲ್ಕನೇ ತರಗತಿಯಲ್ಲಿ ಕಿಟಕಿ ಪಕ್ಕ ಕೂತಿದ್ದಾಳೆ. ಗಾಳಿ ಚೆನ್ನಾಗಿಯೇ ಬರುತ್ತಿದೆ.

ಇದನ್ನು ಓದಬಲ್ಲವರೇ, ನನ್ನ ಮೇಲೆ ಸಿಟ್ಟು ಮಾಡಿಕೊಂಡು ಕೂರಬೇಡಿ. ಸೋಮವಾರ ನಿಮ್ಮೂರಿನ ಶಾಲೆಗೆ ಹೋಗಿ. ಒಂದು ಮಗುವಿನ ಕೈಗೆ ಪುಸ್ತಕ ಕೊಟ್ಟು ಒಂದೇ ಒಂದು ಸಾಲು ಓದಿಸಿ. ಬಾರದಿದ್ದರೆ ಅಲ್ಲೇ ಕೂತು ಕಲಿಸಿ. ಸಂದರ್ಶಕರ ಪುಸ್ತಕ ಮುಂದೆ ಚಾಚುತ್ತಾರೆ. ಆ ಮಗು ಓದುವವರೆಗೆ ಸಹಿ ಹಾಕಬೇಡಿ.